ಮಂಜರಾಬಾದಿನ ಕೋಟೆ ಮತ್ತು ಸಾಲಿನ ಹಡಗು

ಸಕಲೇಶಪುರ ದಾಟಿ ಮಂಗಳೂರಿನ ಹಾದಿ ಹಿಡಿದರೆ ದೋಣಿಗಲ್ಲಿನ ಗುಡ್ಡದ ನೆತ್ತಿಯಲ್ಲಿ ಮಂಜರಾಬಾದ್ ಕೋಟೆಯಿದೆ. ಟಿಪ್ಪು ಸುಲ್ತಾನನ ಕಾಲದಲ್ಲಿ, 1792ರ ಹೊತ್ತಿಗೆ ಎದ್ದ ಈ ಕೋಟೆಗೆ ನಕ್ಷತ್ರದಂತೆ ಎಂಟು ಕೋನಗಳು. ಒಂದು ಕೋನದ ಗೋಡೆಗೆ ಲಗ್ಗೆಯಿಟ್ಟವನ ಮೇಲೆ ಪಕ್ಕದ ಕೋನದಿಂದ ಗುಂಡು ಬೀಳುವಂತೆ ಯುರೋಪಿನ ಮಾದರಿಯಲ್ಲಿ ಕಟ್ಟಿದ್ದಾರೆ. ಆಗಸ ತಿಳಿಯಾಗಿದ್ದ ದಿನ ಇಲ್ಲಿಂದ ಅರಬ್ಬೀ ಸಮುದ್ರ ಕಾಣುತ್ತದೆಂಬ ಮಾತುಂಟು. ಘಟ್ಟದ ಈ ಕಾವಲಿಗೆ ಕಾರಣವೂ ಆ ಸಮುದ್ರವೇ.

1763ರಲ್ಲಿ ಟಿಪ್ಪುವಿನ ತಂದೆ ಹೈದರಾಲಿ ಬಿದನೂರನ್ನು ಗೆದ್ದಾಗ ಕೆಳದಿಯ ಅರಸರ ಕರಾವಳಿಯೂ ಮೈಸೂರಿಗೆ ಸೇರಿತು. ಮಂಗಳೂರು, ಹೊನ್ನಾವರಗಳಲ್ಲಿ ಹಡಗುಗಳು ಸಿದ್ಧವಾದವು. ಆದರೆ 1780ರ ಡಿಸೆಂಬರಿನಲ್ಲಿ ಇಂಗ್ಲಿಷ್ ನೌಕಾಧಿಪತಿ ಎಡ್ವರ್ಡ್ ಹ್ಯೂಸ್ ಮಂಗಳೂರಿಗೆ ಬಂದು ಆ ಪಡೆಯನ್ನು ಹಾಳುಗೆಡವಿದ.

ಆ ಕಾಲದ ಕಡಲನ್ನು ಆಳುತ್ತಿದ್ದುದು ಒಂದು ಜಾತಿಯ ಭಾರೀ ಹಡಗು. ಡಚ್ಚರು ಅದನ್ನು ‘ಲೀನಿಸ್ಖಿಪ್’ ಎಂದರು. ‘ಸ್ಖಿಪ್’ ಎಂದರೆ ಹಡಗು, ‘ಲೀನಿ’ ಎಂದರೆ ಸಾಲು. ಈ ‘ಲೀನಿ’ಯ ಮೂಲ ಲ್ಯಾಟಿನ್ನಿನ ‘ಲೀನಿಯಾ’, ಅಂದರೆ ಅಗಸೆನಾರಿನ ದಾರ. ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷರಿಗೂ ಡಚ್ಚರಿಗೂ ನಡೆದ ಕಾಳಗಗಳಲ್ಲಿ ಹಡಗುಗಳು ದಾರ ಹಿಡಿದಂತೆ ಒಂದರ ಹಿಂದೊಂದು ನಿಂತು ಪಕ್ಕದ ಫಿರಂಗಿಗಳನ್ನೆಲ್ಲ ಒಮ್ಮೆಲೇ ಹಾರಿಸುವ ಕ್ರಮ ನೆಲೆಗೊಂಡಿತು. ಆ ಸಾಲಿನಲ್ಲಿ ನಿಂತು ಪೆಟ್ಟು ತಾಳಬಲ್ಲ ಗಾತ್ರವುಳ್ಳದ್ದಕ್ಕೆ ಮಾತ್ರ ಆ ಹೆಸರು ಸಲ್ಲುತ್ತಿತ್ತು. ಕರಾವಳಿಯ ಮಚವೆ, ಮಂಜಿಗಳು ಸರಕಿಗೆ ಒದಗಿದರೂ ಅದರೆದುರು ನಿಲ್ಲುವಂಥವಲ್ಲ.

ಟಿಪ್ಪು ಇದನ್ನು ಅರಿತಿದ್ದ. 1796ರಲ್ಲಿ ಹೊರಟ ಅವನ ಹುಕುಂನಾಮೆ ಸಾಲಿನ ಹಡಗುಗಳೂ ಫ್ರಿಗೇಟುಗಳೂ ಸೇರಿ ಸುಮಾರು 40 ಯುದ್ಧನೌಕೆಗಳನ್ನು ಕಟ್ಟಲು ವಿಧಿಸಿತು. ಮೇಲ್ವಿಚಾರಣೆಗೆ 11 ಮಂದಿ ‘ಮೀರ್ ಯಮ್’ ಅಧಿಕಾರಿಗಳು ನೇಮಕವಾದರು. ಮಂಗಳೂರು, ಸದಾಶಿವಗಡ ಸೇರಿ ಮೂರು ಕಡೆ ಹಡಗುಕಟ್ಟೆಗಳು ಗೊತ್ತಾದವು. ಘಟ್ಟದ ಕಾಡುಗಳಲ್ಲಿ ತೇಗಕ್ಕೆ ಬರವಿರಲಿಲ್ಲ.

ಬರವಿದ್ದುದು ಕಾಲಕ್ಕೆ. ಅಂಥ ಪಡೆ ನೀರಿಗಿಳಿಯುವ ಮೊದಲೇ ಶತ್ರು ನೆಲದ ದಾರಿಯಿಂದ ಬಂದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಸುಲ್ತಾನ ಮಡಿದ. ಮೈಸೂರಿನ ಹಳೆಯ ಅರಸರಾದ ಒಡೆಯರಿಗೆ ರಾಜ್ಯವನ್ನು ಮರಳಿಸುವಾಗ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿ ಕೆನರಾ ಕರಾವಳಿಯನ್ನು ತಾನೇ ಇಟ್ಟುಕೊಂಡಿತು. ಮಂಜರಾಬಾದ್ ಮೈಸೂರಿನ ಗಡಿಯೊಳಗೆ ಉಳಿಯಿತು, ಮಂಗಳೂರು ಹೊರಗಾಯಿತು. ಮೈಸೂರು ರಾಜ್ಯಕ್ಕೆ ಮತ್ತೆ ಕಡಲತಡಿ ದಕ್ಕಿದ್ದು 1956ರ ನವೆಂಬರ್ 1ರಂದು, ಕನ್ನಡ ನಾಡು ಒಂದಾದಾಗ.