ಕವಿತೆ, ರೇಷ್ಮೆ ಮತ್ತು ದಾಳ

ಗುಪ್ತಪದ ನಮಗೆ ನೆನಪಿರಬೇಕು, ಬೇರೆಯವರ ಊಹೆಗೆ ಸಿಗಬಾರದು. ಈ ಇಕ್ಕಟ್ಟು ಕಂಪ್ಯೂಟರಿನೊಂದಿಗೆ ಹುಟ್ಟಿದ್ದಲ್ಲ. ಎರಡನೆಯ ಮಹಾಯುದ್ಧದಲ್ಲಿ ಇದು ಸಾವುಬದುಕಿನ ಪ್ರಶ್ನೆಯಾಗಿತ್ತು.

1940ರಲ್ಲಿ ಬ್ರಿಟನ್ ಕಟ್ಟಿದ ಎಸ್‌ಒಇ ಎಂಬ ರಹಸ್ಯ ಸಂಸ್ಥೆ, ಜರ್ಮನ್ನರ ಹಿಡಿತದಲ್ಲಿದ್ದ ದೇಶಗಳಿಗೆ ಗೂಢಚಾರರನ್ನು ಕಳಿಸುತ್ತಿತ್ತು. ಅವರ ಸಂಕೇತಕ್ಕೆ ಕೀಲಿ ಒಂದು ಕವಿತೆ. ಅದರಿಂದ ಐದು ಪದಗಳನ್ನು ಆರಿಸಿ, ಅವುಗಳ ಅಕ್ಷರಗಳಿಗೆ ವರ್ಣಮಾಲೆಯ ಕ್ರಮದಲ್ಲಿ ಸಂಖ್ಯೆ ಕೊಟ್ಟು, ಆ ಸಂಖ್ಯೆಗಳ ಪ್ರಕಾರ ಸಂದೇಶದ ಅಕ್ಷರಗಳನ್ನು ಸ್ಥಳಾಂತರಿಸಬೇಕು. ಕವಿತೆ ತಲೆಯಲ್ಲಿರುವುದರಿಂದ ಜೇಬು ತಡಕಿದರೆ ಏನೂ ಸಿಗದು ಎಂಬುದು ಲೆಕ್ಕಾಚಾರ.

1942ರಲ್ಲಿ ಅಲ್ಲಿಗೆ ಸೇರಿದ ಯುವಕ ಲಿಯೋ ಮಾರ್ಕ್ಸ್‌ಗೆ ಈ ಲೆಕ್ಕದ ತಪ್ಪು ಬೇಗ ಕಂಡಿತು. ಒಂದು ಸಂದೇಶವನ್ನು ಭೇದಿಸಿದರೆ ಐದು ಪದಗಳು ಹೊರಬೀಳುತ್ತವೆ. ಕವಿತೆ ಪ್ರಸಿದ್ಧವಾಗಿದ್ದರೆ, ಪುಸ್ತಕ ತೆರೆದು ಉಳಿದ ಸಾಲುಗಳನ್ನೂ ಓದಿಕೊಳ್ಳಬಹುದು. ಹಾಗಾಗಿ ಮಾರ್ಕ್ಸ್ ಎಲ್ಲೂ ಅಚ್ಚಾಗದ ಕವಿತೆಗಳನ್ನು ತಾವೇ ಬರೆದುಕೊಟ್ಟರು. ಆದರೂ ಒಂದು ಭಯ ಉಳಿಯಿತು: ನೆನಪಿನಲ್ಲಿರುವುದನ್ನು ಚಿತ್ರಹಿಂಸೆಯಿಂದ ಹೊರಗೆಳೆಯಬಹುದು. ಕೊನೆಗೆ ಅವರು ಒತ್ತಾಯಿಸಿದ್ದು ರೇಷ್ಮೆಬಟ್ಟೆಯ ಮೇಲೆ ಅಚ್ಚಾದ ಕೀಲಿಗಳಿಗಾಗಿ. ಒಂದನ್ನು ಬಳಸಿದ ಮೇಲೆ ಕತ್ತರಿಸಿ ಸುಟ್ಟರಾಯಿತು. ಗೂಢಚಾರನಿಗೇ ನೆನಪಿಲ್ಲದ ಕೀಲಿಯನ್ನು ಯಾರು ತಾನೇ ಕಸಿಯಬಲ್ಲರು?

ಟಿಪ್ಪು ಸುಲ್ತಾನನ ವಂಶಸ್ಥೆ ನೂರ್ ಇನಾಯತ್ ಖಾನ್ ಇದೇ ಸಂಸ್ಥೆಯ ವೈರ್‌ಲೆಸ್ ಆಪರೇಟರ್. 1943ರ ಜೂನ್‌ನಲ್ಲಿ ಫ್ರಾನ್ಸಿಗೆ ಹೋದ ಅವರು ಅಕ್ಟೋಬರಿನಲ್ಲಿ ಸೆರೆಯಾದರು. ಅವರು ಕಳಿಸಿದ್ದ ಸಂದೇಶಗಳ ಪ್ರತಿಗಳಿದ್ದ ನೋಟ್‌ಬುಕ್ ಕೂಡ ಜರ್ಮನ್ನರಿಗೆ ಸಿಕ್ಕಿತು. ಅವರು ನೂರ್ ಹೆಸರಿನಲ್ಲೇ ಲಂಡನ್ನಿಗೆ ಸಂದೇಶ ಕಳಿಸಿದರು, ಲಂಡನ್ ನಂಬಿತು, ಹೊಸದಾಗಿ ಇಳಿದ ಗೂಢಚಾರರು ನೇರವಾಗಿ ಶತ್ರುವಿನ ಕೈಸೇರಿದರು. ನೂರ್ ಅವರನ್ನು 1944ರ ಸೆಪ್ಟೆಂಬರಿನಲ್ಲಿ ದಾಖಾವ್ ಶಿಬಿರದಲ್ಲಿ ಗುಂಡಿಕ್ಕಿ ಕೊಂದರು. ವಿಚಾರಣೆಯಲ್ಲಿ ಬಾಯಿ ಬಿಡದ ಹೆಣ್ಣುಮಗಳ ಮೌನವನ್ನು ಒಂದು ನೋಟ್‌ಬುಕ್ ಮುರಿಯಿತು. ಇದನ್ನು ಒಬ್ಬರ ಅಜಾಗರೂಕತೆ ಎಂದು ಮುಗಿಸಿಬಿಡುವುದು ನನಗೆ ಒಪ್ಪಿಗೆಯಿಲ್ಲ. ಬಳಸಿದ್ದು ಬಳಸಿದ ಕೂಡಲೇ ಅಳಿದುಹೋಗುವಂತೆ ವ್ಯವಸ್ಥೆಯನ್ನೇ ಕಟ್ಟಬೇಕು ಎಂಬುದು ರೇಷ್ಮೆಯ ಹಿಂದಿದ್ದ ವಿವೇಕ.

ನಾವು ರೇಷ್ಮೆ ಸುಡಲಾರೆವು. ದಿನವೂ ಅದೇ ಗುಪ್ತಪದ ಬೇಕು. 1995ರಲ್ಲಿ ಆರ್ನಾಲ್ಡ್ ರೈನ್‌ಹೋಲ್ಡ್ ಪ್ರಕಟಿಸಿದ 'ಡೈಸ್‌ವೇರ್' ವಿಧಾನ ಇಲ್ಲಿ ನೆರವಿಗೆ ಬರುತ್ತದೆ. ದಾಳವನ್ನು ಐದು ಸಲ ಉರುಳಿಸಿದರೆ 7,776 ಪದಗಳ ಪಟ್ಟಿಯಿಂದ ಒಂದು ಪದ ಸಿಗುತ್ತದೆ. ಹೀಗೆ ಆರು ಪದ ಆರಿಸಿದರೆ ಸಾಧ್ಯತೆಗಳ ಸಂಖ್ಯೆ 2ರ ಮುಂದೆ 23 ಸೊನ್ನೆಗಳನ್ನು ಮೀರುತ್ತದೆ. ಪಟ್ಟಿ ಶತ್ರುವಿನ ಕೈಯಲ್ಲಿದ್ದರೂ ಚಿಂತೆಯಿಲ್ಲ, ಏಕೆಂದರೆ ಆಯ್ಕೆ ಮಾಡಿದ್ದು ದಾಳ.

ಸಾಹಿತ್ಯದ ವಿದ್ಯಾರ್ಥಿಗಳಾದ ನಮ್ಮ ಕೈ ಸಹಜವಾಗಿ ಮೆಚ್ಚಿನ ವಚನದ ಸಾಲಿನತ್ತ ಹೋಗುತ್ತದೆ. ಅದು ಮಾರ್ಕ್ಸ್ ಕಂಡ ಹಳೆಯ ತಪ್ಪೇ: ನಮಗೆ ಕಂಠಪಾಠವಾದದ್ದು ಊರಿಗೆಲ್ಲ ಕಂಠಪಾಠ. ಪದಗಳನ್ನು ದಾಳ ಆರಿಸಲಿ. ಸಂಬಂಧವಿಲ್ಲದ ಆ ಆರು ಪದಗಳನ್ನು ಪೋಣಿಸಿ ಒಂದು ವಿಚಿತ್ರ ಕಥೆ ಕಟ್ಟಿ ನೆನಪಿಟ್ಟುಕೊಳ್ಳುವ ಕೆಲಸವಷ್ಟೇ ನಮ್ಮದು.