ಡೆಸ್ಕ್‌ಟಾಪ್ ಮೆಮೊರಿ ಕಿಟ್: ಕೊಳ್ಳುವ ಮುನ್ನ, ಅಳವಡಿಸಿದ ನಂತರ

ಗಣಕಯಂತ್ರ ನಿಧಾನವಾದೊಡನೆ ಹೆಚ್ಚಿನವರಿಗೆ ಹೊಳೆಯುವ ಪರಿಹಾರ ಮೆಮೊರಿ ಹೆಚ್ಚಿಸುವುದು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಬೆಲೆ ತೀವ್ರವಾಗಿ ಏರಿತು. ಹೀಗಾಗಿ ತಪ್ಪು ಆಯ್ಕೆಯಿಂದಾಗುವ ನಷ್ಟವೂ ಹೆಚ್ಚಿದೆ.

ಅಗತ್ಯವಿದೆಯೇ?

ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ‘ಪರ್ಫಾರ್ಮೆನ್ಸ್’ ವಿಭಾಗದ ‘ಮೆಮೊರಿ’ ಪುಟವು ಮೆಮೊರಿಯ ಬಳಕೆ, ವೇಗ ಹಾಗೂ ಭರ್ತಿಯಾಗಿರುವ ಸ್ಲಾಟ್‌ಗಳ ಸಂಖ್ಯೆಯನ್ನು ತೋರಿಸುತ್ತದೆ. ದಿನನಿತ್ಯದ ಕೆಲಸದ ವೇಳೆ ಬಳಕೆಯು ಸತತವಾಗಿ ಶೇ 90ರ ಆಸುಪಾಸಿನಲ್ಲಿದ್ದರೆ ಹೊಸ ಕಿಟ್‌ನಿಂದ ಪ್ರಯೋಜನವುಂಟು. ಅರ್ಧದಷ್ಟೂ ಬಳಕೆಯಾಗದಿದ್ದರೆ ನಿಧಾನಗತಿಗೆ ಕಾರಣ ಬೇರೆಯೇ ಇರುವ ಸಾಧ್ಯತೆ ಹೆಚ್ಚು. ಹಳೆಯ ಹಾರ್ಡ್ ಡಿಸ್ಕ್ ಇರುವ ಯಂತ್ರಕ್ಕೆ ಎಸ್‌ಎಸ್‌ಡಿ ಅಳವಡಿಸುವುದೇ ಹೆಚ್ಚು ಫಲಕಾರಿಯಾಗಬಹುದು.

ಹೊಂದಾಣಿಕೆ

ಡೆಸ್ಕ್‌ಟಾಪ್‌ನ ಡಿಡಿಆರ್4 ಮತ್ತು ಡಿಡಿಆರ್5 ಎರಡೂ ಮಾಡ್ಯೂಲ್‌ಗಳಲ್ಲಿ 288 ಪಿನ್‌ಗಳಿವೆ. ಆದರೆ ಕೆಳಅಂಚಿನ ಕಚ್ಚು ಬೇರೆ ಬೇರೆ ಜಾಗದಲ್ಲಿರುವುದರಿಂದ ಒಂದರ ಸ್ಲಾಟ್‌ನಲ್ಲಿ ಇನ್ನೊಂದು ಕೂರುವುದಿಲ್ಲ. ಪ್ರಮಾಣಿತ ವಿದ್ಯುತ್ ಒತ್ತಡವೂ ಕ್ರಮವಾಗಿ 1.2 ಹಾಗೂ 1.1 ವೋಲ್ಟ್. ಮದರ್‌ಬೋರ್ಡ್ ಬೆಂಬಲಿಸುವ ಬಗೆ, ಗರಿಷ್ಠ ಸಾಮರ್ಥ್ಯಗಳನ್ನು ಅದರ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

ಒಂದೇ ಕಿಟ್‌ನ ಜೋಡಿ ಮಾಡ್ಯೂಲ್‌ಗಳು ಒಟ್ಟಿಗೆ ಪರೀಕ್ಷೆಗೊಳಗಾಗಿರುತ್ತವೆ. ಹಳೆಯದರೊಡನೆ ಹೊಸದನ್ನು ಬೆರೆಸಿದಾಗ ಈ ಖಾತರಿ ಇರುವುದಿಲ್ಲ. ಡಿಡಿಆರ್4-3200 ಮಾಡ್ಯೂಲ್ ಒಂದರ ಸೈದ್ಧಾಂತಿಕ ವೇಗ ಸೆಕೆಂಡಿಗೆ 25.6 ಗಿಗಾಬೈಟ್, ಎರಡು ಚಾನೆಲ್‌ಗಳಲ್ಲಿ ಅದು 51.2 ಗಿಗಾಬೈಟ್. ಆದ್ದರಿಂದ 16 ಗಿಗಾಬೈಟ್‌ನ ಒಂದು ಮಾಡ್ಯೂಲ್‌ಗಿಂತ 8 ಗಿಗಾಬೈಟ್‌ನ ಎರಡು ಮಾಡ್ಯೂಲ್‌ಗಳು ಮೇಲು.

ಸಂಖ್ಯೆಗಳ ಅರ್ಥ

ಪೊಟ್ಟಣದ ಮೇಲಿನ ದೊಡ್ಡ ಸಂಖ್ಯೆಯೊಂದನ್ನೇ ನಂಬುವಂತಿಲ್ಲ. ‘ಸಿಎಲ್’ ಸಂಖ್ಯೆಯನ್ನು 2000ದಿಂದ ಗುಣಿಸಿ ವೇಗದ ಸಂಖ್ಯೆಯಿಂದ ಭಾಗಿಸಿದರೆ ವಿಳಂಬವು ನ್ಯಾನೊಸೆಕೆಂಡ್‌ಗಳಲ್ಲಿ ದೊರೆಯುತ್ತದೆ. 3200 ಸಿಎಲ್16 ಹಾಗೂ 3600 ಸಿಎಲ್18 ಎರಡರಲ್ಲೂ ಅದು 10 ನ್ಯಾನೊಸೆಕೆಂಡ್. 3200 ಸಿಎಲ್22 ಕಿಟ್‌ನಲ್ಲಿ 13.75.

ಅಳವಡಿಸಿದ ಬಳಿಕ

ಅಧಿಕ ವೇಗದ ಅನೇಕ ಕಿಟ್‌ಗಳು ಮೊದಲಿಗೆ ಕಡಿಮೆ ವೇಗದಲ್ಲೇ ಕೆಲಸ ಆರಂಭಿಸುತ್ತವೆ. ಘೋಷಿತ ವೇಗ ಪಡೆಯಲು ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆಯ್ಕೆಯನ್ನು ಸಕ್ರಿಯಗೊಳಿಸಬೇಕು. ಈ ಸ್ಥಿತಿಯಲ್ಲೇ ಉಚಿತ ತಂತ್ರಾಂಶ ಮೆಮ್‌ಟೆಸ್ಟ್86+ ಅನ್ನು ರಾತ್ರಿಯಿಡೀ ಓಡಿಸುವುದು ಒಳಿತು.

ದೋಷಪೂರಿತ ಮೆಮೊರಿ ಯಂತ್ರವನ್ನು ಸ್ಥಗಿತಗೊಳಿಸುವುದಷ್ಟೇ ಅಲ್ಲ, ಕಡತಗಳನ್ನು ಸದ್ದಿಲ್ಲದೆ ಕೆಡಿಸಲೂಬಹುದು. ಪರೀಕ್ಷೆಯಲ್ಲಿ ಒಂದೇ ದೋಷ ಕಂಡರೂ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ನಿಷ್ಕ್ರಿಯಗೊಳಿಸಿ, ಮಾಡ್ಯೂಲ್‌ಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಆಗಲೂ ದೋಷ ಉಳಿದರೆ ಕಿಟ್ ಹಿಂದಿರುಗಿಸುವುದು ಸೂಕ್ತ. ಅದಕ್ಕಾಗಿ ರಸೀದಿ ಹಾಗೂ ಪೊಟ್ಟಣವನ್ನು ಜೋಪಾನವಾಗಿ ಇಟ್ಟುಕೊಂಡಿರಬೇಕು.