ತಾಮ್ರಪಟವೋ ಶಿಲಾಶಾಸನವೋ: ಎಂ.ಜಿ. ಟಿಎಫ್ ಕಾರಿನ ಚಾಸಿಸ್ ಸಂಖ್ಯೆಯ ಮರುಓದು

ಹಂಪಿಯ ವಿಠ್ಠಲ ದೇವಾಲಯದ ಕಲ್ಲಿನ ರಥದ ಮುಂದೆ ಇಂದು ಎರಡು ಆನೆಗಳಿವೆ. ಅವುಗಳ ಹಿಂದೆ ಬಗ್ಗಿ ನೋಡಿದರೆ ಕುದುರೆಗಳ ಹಿಂಗಾಲುಗಳ ಉಳಿಕೆ ಕಾಣಿಸುತ್ತದೆ. ಮೊದಲು ಅಲ್ಲಿದ್ದವು ಕುದುರೆಗಳು. ಆನೆಗಳನ್ನು ಆಮೇಲೆ ತಂದಿಟ್ಟಿದ್ದಾರೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಛಾಯಾಚಿತ್ರದಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವಿದೆ. ಈಗ ಅದೂ ಇಲ್ಲ. ಹುಟ್ಟಿದಾಗಿನ ರೂಪ ಬೇರೆ, ಕಣ್ಣೆದುರಿನ ರೂಪ ಬೇರೆ. ಹಳೆಯ ಸ್ಪೋರ್ಟ್ಸ್ ಕಾರುಗಳ ಮಾದರಿಯನ್ನು ಗುರುತಿಸುವಾಗಲೂ ಎದುರಾಗುವುದು ಇದೇ ತೊಡಕು.

ಈ ಪ್ರಶ್ನೆಗೆ ಈಗ ಕಾನೂನಿನ ತೂಕವೂ ಬಂದಿದೆ. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ 81ಎ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಖಾಸಗಿ ವಾಹನ ‘ವಿಂಟೇಜ್’ ಎನಿಸಿಕೊಳ್ಳಬಹುದು. ಆದರೆ ಅದು ಮೂಲ ರೂಪದಲ್ಲಿರಬೇಕು. ಚಾಸಿಸ್, ಕವಚ, ಎಂಜಿನ್ ಗಣನೀಯವಾಗಿ ಮಾರ್ಪಟ್ಟಿರಬಾರದು. ಮೂಲ ರೂಪ ಯಾವುದೆಂದು ಗೊತ್ತಾಗದೆ ಈ ನಿಯಮವನ್ನು ಅನ್ವಯಿಸಲಾಗದು. ನಮ್ಮ ಸೀಮೆಯಲ್ಲಿ ಕಾಗದಪತ್ರಗಳ ಎಳೆಯೂ ಅಖಂಡವಲ್ಲ. ಸಂಡೂರು ಸಂಸ್ಥಾನ 1949ರಲ್ಲಿ ಮದರಾಸು ಪ್ರಾಂತ್ಯಕ್ಕೆ ಸೇರಿತು. ಹೊಸಪೇಟೆ, ಕಂಪ್ಲಿ, ಸಂಡೂರುಗಳನ್ನೊಳಗೊಂಡ ಸೀಮೆ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲೇ ಉಳಿದವು. ಕಚೇರಿಗಳು ಇಷ್ಟು ಸಲ ಬದಲಾದ ಕಡೆ ಆರ್‌ಸಿ ಪುಸ್ತಕಕ್ಕಿಂತ ಉಕ್ಕಿನ ಮೇಲಿನ ಸಂಖ್ಯೆಯೇ ಹಿರಿಯ ಸಾಕ್ಷಿ.

ಚಾಸಿಸ್ ಸಂಖ್ಯೆ ಮಾದರಿಯನ್ನು ತಿಳಿಸುತ್ತದೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಮೊದಲ ಜಾಗ್ವಾರ್ ಇ-ಟೈಪ್‌ಗಳಲ್ಲಿ ಬಲಗೈ ಚಾಲನೆಯ ತೆರೆದ ಕಾರಿಗೆ 850001ರಿಂದ, ಮುಚ್ಚಿದ ಕೂಪೆಗೆ 860001ರಿಂದ ಎಣಿಕೆ ಶುರುವಾಗುತ್ತದೆ. ಎಂ.ಜಿ. ಟಿಸಿ ಕಾರಿನ ಎಣಿಕೆ 0251ರಿಂದ ಮೊದಲಾಗುವುದಕ್ಕೆ ಆಬಿಂಗ್ಡನ್ ಕಾರ್ಖಾನೆಯ ದೂರವಾಣಿ ಸಂಖ್ಯೆ 251 ಆಗಿದ್ದದ್ದೇ ಕಾರಣ. ಇವು ಎಲ್ಲರೂ ಒಪ್ಪಿದ ಸಂಗತಿಗಳು. ವಿವಾದವಿರುವುದು ಟಿ ಸರಣಿಯ ಕೊನೆಯ ಕಾರಾದ ಟಿಎಫ್‌ನಲ್ಲಿ.

1953ರಿಂದ 1955ರವರೆಗೆ ತಯಾರಾದ ಟಿಎಫ್‌ಗೆ 501ರಿಂದ 10100ರವರೆಗೆ, ಒಟ್ಟು 9,600 ಸಂಖ್ಯೆಗಳು. ಇದರಲ್ಲಿ ಎರಡು ಬಗೆ: 1,250 ಸಿಸಿ ಎಂಜಿನ್ನಿನದು, 1,466 ಸಿಸಿ ಎಂಜಿನ್ನಿನ ‘ಟಿಎಫ್ 1500’. ಗ್ಯಾರೇಜುಗಳಲ್ಲೂ ಕೊಳ್ಳುವವರಲ್ಲೂ ಬಳಕೆಯಲ್ಲಿರುವ ಸೂತ್ರ ಸರಳವಾಗಿದೆ: 6500 ದಾಟಿದರೆ 1500. ಈ ಸೂತ್ರ ತಪ್ಪೆಂಬುದು ನನ್ನ ವಾದ.

ಸೂತ್ರವನ್ನು ಒಪ್ಪಿದರೆ 1250ರ ಕಾರುಗಳು 6,000, 1500ರವು 3,600 ಆಗಬೇಕು. ಆದರೆ ಸ್ವೀಕೃತ ಲೆಕ್ಕ 6,200 ಮತ್ತು 3,400. ಇನ್ನೂರು ಕಾರುಗಳು ತಪ್ಪು ಪಾಲಿಗೆ ಬಿದ್ದಿವೆ. ಸಂಖ್ಯೆಗಳನ್ನು ಹಂಚಿದ ಕಂತುಗಳು ಹೀಗಿವೆ: 6501ರಿಂದ 6650ರವರೆಗೆ 1500. 6651ರಿಂದ 6750ರವರೆಗೆ ಮತ್ತೆ 1250. 6751ರಿಂದ 6850ರವರೆಗೆ 1500. 6851ರಿಂದ 6950ರವರೆಗೆ ಇನ್ನೊಮ್ಮೆ 1250. 6951ರಿಂದ ಕೊನೆಯವರೆಗೆ 1500. ನಡುವೆ ಬಂದ ಎರಡು ನೂರುಗಳೇ ಆ ಇನ್ನೂರು. ಸಂಖ್ಯೆಗಳ ಸಾಲು ಒಂದೇ ಸಮನೆ ಏರುವ ಮೆಟ್ಟಿಲಲ್ಲ, ಕಂತುಕಂತಾಗಿ ಹಂಚಿಕೊಟ್ಟ ಪಟ್ಟಿ. ಲೆಕ್ಕ ತಾಳೆಯಾಯಿತೆಂದ ಮಾತ್ರಕ್ಕೆ ಇದನ್ನು ಸ್ವತಂತ್ರ ಪುರಾವೆಯೆಂದು ಹೇಳಲಾರೆ; ಒಟ್ಟು ಮೊತ್ತವೂ ಕಂತುಗಳ ಪಟ್ಟಿಯೂ ಒಂದೇ ಮೂಲದಿಂದ ಬಂದಿರಬಹುದು. ಆದರೆ ಸರಳ ಸೂತ್ರಕ್ಕೆ ಆ ತಾಳೆಯೂ ಇಲ್ಲ.

ಇದರ ಪರಿಣಾಮ ಚಿಕ್ಕದಲ್ಲ. 6700 ಸಂಖ್ಯೆಯ ಒಂದು ಕಾರನ್ನು ಊಹಿಸೋಣ. ಅದರಲ್ಲಿ ‘ಎಕ್ಸ್‌ಪಿಇಜಿ’ ಗುರುತಿನ ದೊಡ್ಡ ಎಂಜಿನ್ ಇದೆ, ಬಾನೆಟ್ಟಿನ ಪಕ್ಕದಲ್ಲಿ ‘ಟಿಎಫ್ 1500’ ಪಟ್ಟಿಯೂ ಇದೆ. ಸರಳ ಸೂತ್ರದ ಪ್ರಕಾರ ಅದು ಅಪ್ಪಟ 1500. ಕಂತುಗಳ ಪ್ರಕಾರ ಅದು 1250 ಆಗಿ ಹುಟ್ಟಿ, ಬೇರೆ ಎಂಜಿನ್ ಪಡೆದ ಕಾರು. ಆಗ 81ಎ ನಿಯಮದ ಮೂಲ ರೂಪದ ಪ್ರಶ್ನೆ ನೇರವಾಗಿ ಏಳುತ್ತದೆ.

ಎಂಜಿನ್ನೇ ನಿರ್ಣಾಯಕವೆಂಬ ಆಕ್ಷೇಪ ಇಲ್ಲಿ ಬರುತ್ತದೆ. ಸಿಲಿಂಡರಿನ ವ್ಯಾಸ 66.5 ಮಿ.ಮೀ. ಇದ್ದರೆ 1250, 72 ಇದ್ದರೆ 1500. ಅಳೆದರೆ ಮುಗಿಯಿತಲ್ಲ ಎನ್ನುತ್ತಾರೆ. ಅಳತೆ ಸರಿ, ಅದರಿಂದ ಎಳೆದ ತೀರ್ಮಾನ ಸರಿಯಲ್ಲ. ಎಂಜಿನ್ ಇಳಿಸಿ ಏರಿಸುವುದು ಒಬ್ಬ ಮೆಕ್ಯಾನಿಕ್ಕಿನ ಕೆಲಸ. ಅದರ ಸಂಖ್ಯೆಯಿರುವುದೂ ಬಡಿದು ಕೂರಿಸಿದ ಎಂಟು ಮೂಲೆಯ ಹಿತ್ತಾಳೆ ಬಿಲ್ಲೆಯ ಮೇಲೆ. ಅದು ರಥದ ಮುಂದಿನ ಆನೆಯಂತೆ: ಇದೆ ಎಂಬುದು ನಿಜ, ಮೊದಲಿನಿಂದ ಇತ್ತು ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಇಲ್ಲಿ ಶಾಸನಶಾಸ್ತ್ರದ ವಿವೇಕ ನೆರವಿಗೆ ಬರುತ್ತದೆ. ಗಂಗರ ತಾಮ್ರಪಟಗಳ ವಿಷಯದಲ್ಲಿ ಶಾಸನತಜ್ಞರಾದ ಫ್ಲೀಟ್ ಮತ್ತು ರೈಸ್ ನಡುವೆ ನಡೆದ ವಾದ ಕನ್ನಡ ಓದುಗರಿಗೆ ಹೊಸದಲ್ಲ. ಫ್ಲೀಟ್ ನಕಲಿಯೆಂದ ಪಟಗಳನ್ನು ರೈಸ್ ಸಮರ್ಥಿಸಿದರು. ಆ ವಾದದಿಂದ ನಾವು ಕಲಿಯಬೇಕಾದದ್ದು ಇಷ್ಟು: ಪಟ ಕೈಯಿಂದ ಕೈಗೆ ಸಾಗುತ್ತದೆ, ಬಂಡೆಯ ಮೇಲಿನ ಬರಹ ಸಾಗುವುದಿಲ್ಲ. ಬಾನೆಟ್ಟಿನಡಿಯ ತಗಡಿನ ಫಲಕ ತಾಮ್ರಪಟ. ಚೌಕಟ್ಟಿನ ಉಕ್ಕಿಗೇ ಗುದ್ದಿದ ಅಂಕಿ ಶಿಲಾಶಾಸನ. ಇವೆರಡೂ ಒಂದನ್ನೇ ಹೇಳಿದರೆ ಮಾದರಿಯ ಬಗ್ಗೆ ಎಂಜಿನ್ನಿನ ಮಾತಿಗಿಂತ ಇವುಗಳ ಮಾತು ಮೇಲು ಎಂದು ನಾನು ಪ್ರತಿಪಾದಿಸುತ್ತೇನೆ.

ಈ ಪ್ರತಿಪಾದನೆಗೆ ಮಿತಿಗಳಿವೆ. ಮೊದಲನೆಯದು, ಚೌಕಟ್ಟನ್ನೂ ಬದಲಿಸಲು ಸಾಧ್ಯ. ಅಂಕಿಗಳನ್ನು ಉಜ್ಜಿ ಮತ್ತೆ ಗುದ್ದಲೂ ಸಾಧ್ಯ. ಎರಡನೆಯದು, ತುಕ್ಕು ಹಿಡಿದ ಉಕ್ಕಿನಲ್ಲಿ 6 ಮತ್ತು 8 ಒಂದಕ್ಕೊಂದು ಹೋಲುತ್ತವೆ. ಒಂದು ಅಂಕಿ ತಪ್ಪಿದರೂ ಮಾದರಿ ತಪ್ಪಬಹುದು. ಮೂರನೆಯದು, ಸಂಖ್ಯೆ ಹೇಳುವುದು ಹುಟ್ಟನ್ನು ಮಾತ್ರ, ಬಾಳನ್ನಲ್ಲ. ಮೊದಲ ನೋಂದಣಿಯ ದಿನ ಗೊತ್ತಾಗುವುದು ಕಾಗದದಿಂದಲೇ. ಹಾಗಾಗಿ ಕಾಗದವನ್ನು ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ಮಾದರಿಯ ಪ್ರಶ್ನೆಯಲ್ಲಿ ಅದಕ್ಕೆ ಎರಡನೆಯ ಸ್ಥಾನ ಎಂದಷ್ಟೇ ಹೇಳುತ್ತಿದ್ದೇನೆ.

ತಯಾರಾದ ಕೆಲವೇ ವರ್ಷಗಳಲ್ಲಿ ಅದೇ ಕಾರ್ಖಾನೆಯ ದೊಡ್ಡ ಎಂಜಿನ್ ಪಡೆದು, ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಹಾಗೆಯೇ ಓಡಿದ ಕಾರನ್ನು ‘ಮೂಲ ರೂಪ’ದಿಂದ ಹೊರಗಿಡಬೇಕೇ? ವಿಠ್ಠಲನ ರಥದ ಆನೆಗಳನ್ನು ಇಂದು ಯಾರೂ ತೆಗೆಯಹೊರಡುವುದಿಲ್ಲ. ಈ ಪ್ರಶ್ನೆಗೆ ಸಂಖ್ಯೆ ಉತ್ತರ ಕೊಡದು. ಅದರ ಚರ್ಚೆ ಮುಂದುವರಿಯಬೇಕು.

ಹೊಸಪೇಟೆ, ಸಂಡೂರು, ಕಂಪ್ಲಿಗಳಲ್ಲಿ ಯಾರದಾದರೂ ಮನೆಯ ಶೆಡ್ಡಿನಲ್ಲಿ ಹಳೆಯ ಕಾರಿದ್ದರೆ ಅವರಲ್ಲಿ ಒಂದು ವಿನಂತಿ. ಬಣ್ಣ ಕೆರೆಯುವ ಮೊದಲು ಚೌಕಟ್ಟಿನ ಅಂಕಿಯ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಪಡಿಯಚ್ಚು ತೆಗೆದಿಡಿ. ಆರ್‌ಟಿಒ ಅರ್ಜಿಗೆ ಬೇಕಾಗುವುದೂ ಅದೇ ಅಚ್ಚು. ಮರಳು ಕಾಗದ ಒಮ್ಮೆ ಅಳಿಸಿದ ಅಂಕಿಯನ್ನು ಮತ್ತೆ ಓದುವುದು ಸುಲಭವಲ್ಲ.